ಡೂಮ್ ಬರುವ ಮುನ್ನ: ಮಾರ್ವೆಲ್ ಲೋಕದ ನಾಳೆಯನ್ನು ಊಹಿಸುವ ಕಿರಿಯರಿಗೊಂದು ಬಹಿರಂಗ ಪತ್ರ

ಪ್ರಿಯ ಗೆಳೆಯ ಗೆಳತಿಯರೇ,

ಮಾರ್ವೆಲ್ ಟ್ರೇಲರ್ ಬಂದ ರಾತ್ರಿ ನಿದ್ದೆಗೆಟ್ಟು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡುವವರು ನೀವು. ತೆರೆಯ ಮೇಲೆ ಹೆಸರುಗಳು ಓಡತೊಡಗಿದರೂ ಸೀಟಿನಿಂದ ಏಳದವರು. ಮುಂದಿನ ಚಿತ್ರದಲ್ಲಿ ಯಾರು ಬರುತ್ತಾರೆ, ಯಾರು ಸಾಯುತ್ತಾರೆ, ಯಾವ ಲೋಕ ಯಾವುದಕ್ಕೆ ಡಿಕ್ಕಿ ಹೊಡೆಯುತ್ತದೆ ಎಂದು ಕ್ಯಾಂಟೀನಿನಲ್ಲಿ, ಹಾಸ್ಟೆಲಿನಲ್ಲಿ, ವಾಟ್ಸಾಪ್ ಗುಂಪುಗಳಲ್ಲಿ ಪಟ್ಟು ಬಿಡದೆ ವಾದಿಸುವವರು. ಮನೆಯ ಹಿರಿಯರಿಗೆ ಇದೆಲ್ಲ ಕೆಲಸಕ್ಕೆ ಬಾರದ್ದು ಅನ್ನಿಸಬಹುದು. ಸಿನಿಮಾ ಬಗ್ಗೆ ಬರೆಯುವುದನ್ನೇ ಕಸುಬಾಗಿಸಿಕೊಂಡ ನನಗೆ ಹಾಗನ್ನಿಸುವುದಿಲ್ಲ. ಒಂದು ಕಥೆಯ ನಾಳೆಯನ್ನು ಊಹಿಸಬೇಕಾದರೆ ಅದರ ನಿನ್ನೆಯೆಲ್ಲ ನೆನಪಿರಬೇಕು. ಆ ಶ್ರದ್ಧೆ ನಿಮ್ಮಲ್ಲಿದೆ. ಅದರ ಮೇಲಿನ ಗೌರವದಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಬೇಡಿಕೆ ಏನೆಂದು ಮೊದಲೇ ಹೇಳಿಬಿಡುತ್ತೇನೆ. 'ಮುಂದೆ ಯಾರು ಬರುತ್ತಾರೆ' ಎಂಬ ಪ್ರಶ್ನೆಯನ್ನು ಸ್ವಲ್ಪ ಕಾಲ ಪಕ್ಕಕ್ಕಿಡಿ. 'ಈ ಪಾತ್ರಕ್ಕೆ ಬೇಕಿರುವುದೇನು, ಅದಕ್ಕಾಗಿ ಏನನ್ನು ಕಳೆದುಕೊಳ್ಳಲು ತಯಾರಿದೆ' ಎಂದು ಕೇಳಲು ಶುರು ಮಾಡಿ. ಹೀಗೆ ಕೇಳಿದವರ ಊಹೆ ನಿಜವಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

2015ರ 'ಏಜ್ ಆಫ್ ಅಲ್ಟ್ರಾನ್' ನೆನಪಿಸಿಕೊಳ್ಳಿ. ಪಾರ್ಟಿ ಮುಗಿದ ಹೊತ್ತು. ಥಾರ್‌ನ ಸುತ್ತಿಗೆಯನ್ನು ಎತ್ತುವ ಪಂಥ ನಡೆದಿದೆ. ಎಲ್ಲರೂ ಸೋಲುತ್ತಾರೆ. ಕ್ಯಾಪ್ಟನ್ ಅಮೆರಿಕ ಎನಿಸಿಕೊಂಡ ಸ್ಟೀವ್ ರಾಜರ್ಸ್ ಅದರ ಹಿಡಿಗೆ ಕೈಹಾಕಿ ಎಳೆದಾಗ ಸುತ್ತಿಗೆ ಕೂದಲೆಳೆಯಷ್ಟು ಕದಲುತ್ತದೆ. ಥಾರ್‌ನ ಮುಖದ ಮೇಲಿನ ನಗು ಒಂದು ಕ್ಷಣ ಮಾಯವಾಗುತ್ತದೆ. ಅಷ್ಟೇ, ಯಾರೂ ಅದರ ಮಾತೆತ್ತುವುದಿಲ್ಲ. ನಾಲ್ಕು ವರ್ಷದ ನಂತರ, 2019ರ ಏಪ್ರಿಲ್‌ನಲ್ಲಿ, ಮೈಸೂರಿನ ಒಂದು ಚಿತ್ರಮಂದಿರದಲ್ಲಿ ನಾನು 'ಎಂಡ್‌ಗೇಮ್' ನೋಡುತ್ತಿದ್ದೆ. ಥಾರ್ ನೆಲಕ್ಕೆ ಬಿದ್ದಿದ್ದಾನೆ, ಖಳ ಥಾನೋಸ್ ಅವನ ಎದೆಗೆ ಕೊಡಲಿ ಒತ್ತುತ್ತಿದ್ದಾನೆ, ಹಿಂದೆ ನೆಲದ ಮೇಲಿದ್ದ ಸುತ್ತಿಗೆ ಮೆಲ್ಲಗೆ ಮೇಲೇಳುತ್ತದೆ. ನನ್ನ ಹಿಂದಿನ ಸಾಲಿನ ಹುಡುಗಿಯೊಬ್ಬಳು "ಕ್ಯಾಪ್, ಕ್ಯಾಪ್" ಎಂದು ಎದ್ದು ನಿಂತಳು. ಸುತ್ತಿಗೆ ಯಾರ ಕೈಸೇರಿತೆಂದು ತೆರೆ ಇನ್ನೂ ತೋರಿಸಿರಲಿಲ್ಲ. ಅವಳಿಗೆ ಯಾವ ಲೀಕ್ ಕೂಡ ಬೇಕಾಗಿರಲಿಲ್ಲ. ಸ್ಟೀವ್ ಎಂಥವನೆಂದು ಅವಳು ತಿಳಿದುಕೊಂಡಿದ್ದಳು, ಆ ಒಂದು ಕದಲಿಕೆಯನ್ನು ಮರೆತಿರಲಿಲ್ಲ.

ಇದು ನಮಗೆ ಹೊಸ ವಿದ್ಯೆಯೇನಲ್ಲ. ರನ್ನನ 'ಗದಾಯುದ್ಧ' ಕೇಳಲು ಕೂತವರಲ್ಲಿ ದುರ್ಯೋಧನ ಉಳಿಯುವುದಿಲ್ಲ ಎಂದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ರನ್ನ ಕೊನೆಯ ಕಾಳಗದ ತುದಿಯಲ್ಲಿ ನಿಂತು ಇಡೀ ಮಹಾಭಾರತವನ್ನು ಹಿಂದಿರುಗಿ ನೋಡಿದ. ಪಂಪ ಅರ್ಜುನನನ್ನು ನಡುವಿಗೆ ತಂದಿದ್ದರೆ ಇವನು ಭೀಮನನ್ನು ತಂದ. ಕಥೆ ಅದೇ, ಪಾತ್ರಗಳೂ ಅವೇ. ಆ ಮನುಷ್ಯ ಯಾಕೆ ಹೀಗಾದ ಎಂಬುದಕ್ಕೆ ಮಾತ್ರ ಪ್ರತಿ ಕವಿಯದೂ ಬೇರೆ ಉತ್ತರ. ಆ ಉತ್ತರ ಕೇಳಲು ಜನ ಕೂತರು. ನೀವು ಆ ಜನರ ಮಕ್ಕಳು.

ಈಗ ನಮ್ಮ ಊಹೆಗಳು ಎಲ್ಲಿ ದಾರಿ ತಪ್ಪುತ್ತಿವೆ ಎಂದು ನೋಡೋಣ. 2021ರ ಜನವರಿಯಲ್ಲಿ 'ವಾಂಡಾವಿಷನ್' ವಾರಕ್ಕೊಂದು ಕಂತಿನಂತೆ ಬರತೊಡಗಿತು. ಪ್ರತಿ ವಾರವೂ ಒಂದೇ ಚರ್ಚೆ: ಇದರ ಹಿಂದೆ ಇರುವವನು ಕಾಮಿಕ್ಸಿನ ಸೈತಾನ ಮೆಫಿಸ್ಟೋ. ಪರದೆಯ ಬಣ್ಣದಲ್ಲಿ, ಸಂಭಾಷಣೆಯ ಒಂದು ಪದದಲ್ಲಿ, ಮೊಲದ ಮರಿಯಲ್ಲಿ ಸಹ ಅವನನ್ನು ಕಂಡರು. ಐದನೇ ಕಂತಿನ ಕೊನೆಗೆ ಎಕ್ಸ್-ಮೆನ್ ಚಿತ್ರಗಳ ನಟ ಇವಾನ್ ಪೀಟರ್ಸ್ ಬಾಗಿಲಲ್ಲಿ ನಿಂತಾಗ ಎಕ್ಸ್-ಮೆನ್ ಬಂದೇಬಿಟ್ಟರು ಎಂದು ಕುಣಿದರು. ಕೊನೆಗೆ ಆತ ಆ ಊರಿನ ಒಬ್ಬ ಸಾಮಾನ್ಯ ನಿವಾಸಿ ಎಂದು ತಿಳಿಯಿತು. ಮೆಫಿಸ್ಟೋ ಬರಲೇ ಇಲ್ಲ. ಮೋಸವಾಯಿತು ಎಂದು ಬೈದವರು ಎಷ್ಟೋ ಮಂದಿ. ಪ್ರೀತಿಸಿದವನನ್ನು ಕಳೆದುಕೊಂಡ ಹೆಣ್ಣೊಬ್ಬಳು ತನ್ನ ದುಃಖದೊಳಗೆ ಒಂದು ಊರನ್ನೇ ಸೆರೆಯಿಟ್ಟ ಕಥೆ ಅವರ ಕಣ್ಣೆದುರೇ ನಡೆದುಹೋಗಿತ್ತು. ಮಾರ್ವೆಲ್‌ನ ಒಳ್ಳೆಯ ಬರವಣಿಗೆಗಳಲ್ಲೊಂದು ಅದು. ಯಾರೋ ಬರಲೆಂದು ಬಾಗಿಲು ನೋಡುತ್ತಾ ಕೂತವರಿಗೆ ಮನೆಯೊಳಗೆ ಅಳುತ್ತಿದ್ದವಳು ಕಾಣಲಿಲ್ಲ. ಮೆಫಿಸ್ಟೋ ಕಡೆಗೂ ಬಂದದ್ದು 2025ರ 'ಐರನ್‌ಹಾರ್ಟ್'ನಲ್ಲಿ, ಸಾಚಾ ಬ್ಯಾರನ್ ಕೊಹೆನ್ ರೂಪದಲ್ಲಿ.

ಎರಡನೆಯ ತಪ್ಪು, ಪ್ರಕಟಣೆಗಳನ್ನೇ ಬ್ರಹ್ಮಲಿಪಿ ಎಂದು ನಂಬುವುದು. 2022ರ ಸ್ಯಾನ್ ಡಿಯಾಗೋ ಕಾಮಿಕ್-ಕಾನ್‌ನಲ್ಲಿ 'ದಿ ಕಾಂಗ್ ಡೈನಾಸ್ಟಿ' ಎಂಬ ಅವೆಂಜರ್ಸ್ ಚಿತ್ರವನ್ನು ಘೋಷಿಸಿದರು. ಹಲವು ಲೋಕಗಳ ಇಡೀ ಮಲ್ಟಿವರ್ಸ್ ಕಥೆ ಖಳ ಕಾಂಗ್‌ನ ಸುತ್ತ ಎಂದರು. 2023ರ ಡಿಸೆಂಬರ್‌ನಲ್ಲಿ ಆ ಪಾತ್ರಧಾರಿ ಜೊನಾಥನ್ ಮೇಜರ್ಸ್ ಹಲ್ಲೆ ಪ್ರಕರಣದಲ್ಲಿ ದೋಷಿ ಎಂದು ತೀರ್ಪು ಬಂತು, ಸಂಸ್ಥೆ ಅವರನ್ನು ಕೈಬಿಟ್ಟಿತು. 2024ರ ಜುಲೈನಲ್ಲಿ ಅದೇ ಕಾಮಿಕ್-ಕಾನ್ ವೇದಿಕೆಯ ಮೇಲೆ ರಾಬರ್ಟ್ ಡೌನಿ ಜೂನಿಯರ್ ಮುಖವಾಡ ತೆಗೆದು ತಾನೇ ಡಾಕ್ಟರ್ ಡೂಮ್ ಎಂದರು. ಕಾಂಗ್ ಬಗ್ಗೆ ನೀವು ಬರೆದಿಟ್ಟ ಪುಟಗಟ್ಟಲೆ ಥಿಯರಿ ಆ ಸಂಜೆ ಬರಿದಾಯಿತು. 2019ರಲ್ಲಿ ಮಹೆರ್ಶಲಾ ಅಲಿ ಅವರೊಂದಿಗೆ ಘೋಷಿಸಿದ 'ಬ್ಲೇಡ್' ನಿರ್ದೇಶಕರನ್ನು ಬದಲಿಸುತ್ತಾ ಹೋಗಿ ಕ್ಯಾಲೆಂಡರಿನಿಂದಲೇ ಮರೆಯಾಯಿತು. ಪ್ರಕಟಣೆ ಅಂದರೆ ಒಂದು ಕಂಪನಿಯ ಆ ಹೊತ್ತಿನ ಇರಾದೆ. ಅದಕ್ಕಿಂತ ಹೆಚ್ಚು ಭಾರ ಅದರ ಮೇಲೆ ಹೊರಿಸಬೇಡಿ.

ಈ ಲೋಕ ಹುಟ್ಟಿದ್ದೇ ಯೋಜನೆಗಿಂತ ಹೆಚ್ಚಾಗಿ ಅಭಾವದಿಂದ. 1996ರಲ್ಲಿ ಮಾರ್ವೆಲ್ ದಿವಾಳಿ ಅರ್ಜಿ ಹಾಕಿತ್ತು. ಸ್ಪೈಡರ್-ಮ್ಯಾನ್ ಸೋನಿ ಪಾಲಾಗಿದ್ದ, ಎಕ್ಸ್-ಮೆನ್ ಮತ್ತು ಫೆಂಟಾಸ್ಟಿಕ್ ಫೋರ್ ಫಾಕ್ಸ್ ಬಳಿ ಇದ್ದರು. ಉಳಿದ ಪಾತ್ರಗಳಲ್ಲಿ ಕೆಲವರ ಹಕ್ಕನ್ನೇ ಒತ್ತೆಯಿಟ್ಟು 2005ರಲ್ಲಿ 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡರು. ಕೈಯಲ್ಲಿದ್ದವರಲ್ಲಿ ಐರನ್ ಮ್ಯಾನ್ ಒಬ್ಬ. ಅಷ್ಟೇನೂ ಜನಪ್ರಿಯನಲ್ಲದ ಅವನಿಂದಲೇ 2008ರಲ್ಲಿ ಶುರುವಿಟ್ಟರು. ಇದ್ದವರು ಕಡಿಮೆ, ಹಾಗಾಗಿ ಅವರಲ್ಲಿ ಹೆಚ್ಚಿನವರಿಗೆ ಒಂದೊಂದು ಪೂರ್ತಿ ಚಿತ್ರ ಸಿಕ್ಕಿತು, ಒಂದು ಕೊರತೆ ಸಿಕ್ಕಿತು, ಒಬ್ಬ ಅಪ್ಪನೋ ಅಣ್ಣನೋ ಸಿಕ್ಕಿದ. 2012ರ 'ಅವೆಂಜರ್ಸ್'ನಲ್ಲಿ ಆರು ಜನ ಬೆನ್ನಿಗೆ ಬೆನ್ನು ಕೊಟ್ಟು ನಿಂತಾಗ ಮೈ ಜುಮ್ಮೆಂದದ್ದು ಆ ದುಡಿಮೆಯ ಫಲ. 2019ರಲ್ಲಿ ಮಾರ್ವೆಲ್‌ನ ಒಡೆಯನಾದ ಡಿಸ್ನಿ ಫಾಕ್ಸನ್ನು ಕೊಂಡ ಮೇಲೆ ಸ್ಪೈಡರ್-ಮ್ಯಾನ್ ಹೊರತು ಬಹುತೇಕ ಎಲ್ಲರೂ ಮನೆಗೆ ಮರಳಿದರು. ಅದೇ ವರ್ಷ ಡಿಸ್ನಿ ಪ್ಲಸ್ ಆರಂಭವಾಯಿತು, ಚಂದಾದಾರರನ್ನು ಹಿಡಿದಿಡಲು ಸದಾ ಹೊಸದು ಬೇಕಾಯಿತು. 2021 ಮತ್ತು 2022, ಎರಡೇ ವರ್ಷದಲ್ಲಿ ಏಳು ಚಿತ್ರ, ಎಂಟು ಸರಣಿ. ಯಾರಿಗೂ ಉಸಿರಾಡಲು ಬಿಡುವಿರಲಿಲ್ಲ, ನೋಡುವವರಿಗೂ ಮಾಡುವವರಿಗೂ. 2023ರ 'ದಿ ಮಾರ್ವೆಲ್ಸ್' ಈ ಸರಮಾಲೆಯಲ್ಲೇ ಅತಿ ಕಡಿಮೆ ಗಳಿಸಿತು. ಸಂಖ್ಯೆ ಹೆಚ್ಚಿಸಿ ಗಮನ ತೆಳುವಾಯಿತೆಂದು ಡಿಸ್ನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಒಪ್ಪಿಕೊಂಡರು. ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಚಿತ್ರ, ಎರಡು ಸರಣಿ ಸಾಕೆಂದರು.

ಇಷ್ಟನ್ನು ಕೈಯಲ್ಲಿಟ್ಟುಕೊಂಡು ನನ್ನ ಊಹೆಯನ್ನೂ ನಿಮ್ಮ ಮುಂದಿಡುತ್ತೇನೆ. ಒಪ್ಪದಿದ್ದರೆ ವಾದಿಸಿ.

'ಅವೆಂಜರ್ಸ್: ಡೂಮ್ಸ್‌ಡೇ' 2026ರ ಡಿಸೆಂಬರ್ 18ಕ್ಕೆ, 'ಸೀಕ್ರೆಟ್ ವಾರ್ಸ್' 2027ರ ಡಿಸೆಂಬರ್ 17ಕ್ಕೆ ನಿಗದಿಯಾಗಿವೆ. ನಿರ್ದೇಶಕರು ಮತ್ತೆ ರೂಸೋ ಸಹೋದರರು. 'ಇನ್ಫಿನಿಟಿ ವಾರ್'ನಲ್ಲಿ ಅವರು ಮಾಡಿದ್ದೇನು? ಖಳನನ್ನೇ ಕಥಾನಾಯಕನ ಜಾಗದಲ್ಲಿ ಕೂರಿಸಿದರು. ಕಾಮಿಕ್ಸಿನ ಥಾನೋಸ್ ಸಾವೆಂಬ ದೇವತೆಯ ಪ್ರೇಮಿ. ಚಿತ್ರದ ಥಾನೋಸ್ ಹಸಿವಿನ ಲೆಕ್ಕ ಹಾಕುವವನು. ಚೌಕಟ್ಟನ್ನು ಇಟ್ಟುಕೊಂಡು ಉದ್ದೇಶವನ್ನು ಬದಲಿಸುವುದು ಅವರ ರೂಢಿ. ಆದ್ದರಿಂದ ಡೂಮ್‌ನ ಕಥೆಯೂ ಬಹುಪಾಲು ಅವನ ಕಡೆಯಿಂದಲೇ ನಡೆಯುತ್ತದೆ, ಚಿತ್ರ ಮುಗಿಯುವಾಗ ಅವನೇ ಗೆದ್ದಿರುತ್ತಾನೆ ಎಂದು ನನ್ನ ಎಣಿಕೆ. 2015ರ 'ಸೀಕ್ರೆಟ್ ವಾರ್ಸ್' ಕಾಮಿಕ್ಸಿನಲ್ಲಿ ಜೊನಾಥನ್ ಹಿಕ್‌ಮನ್ ಬರೆದದ್ದೂ ಹಾಗೆಯೇ: ಲೋಕಗಳು ಒಂದಕ್ಕೊಂದು ಬಡಿದು ನಾಶವಾದಾಗ ಅಳಿದುಳಿದ ತುಂಡುಗಳನ್ನು ಹೊಲಿದು ಒಂದು ಜಗತ್ತು ಮಾಡಿ, ಡೂಮ್ ಅದಕ್ಕೆ ದೇವರಾಗಿ ಕೂರುತ್ತಾನೆ. ಅವನನ್ನು ಕೇವಲ ದುಷ್ಟ ಎಂದು ತಳ್ಳಿಹಾಕಲಾಗುವುದಿಲ್ಲ, ಏಕೆಂದರೆ ಅವನು ಕೈಹಾಕದಿದ್ದರೆ ಏನೂ ಉಳಿಯುತ್ತಿರಲಿಲ್ಲ. 'ಫೆಂಟಾಸ್ಟಿಕ್ ಫೋರ್: ಫಸ್ಟ್ ಸ್ಟೆಪ್ಸ್' ಚಿತ್ರದ ಕೊನೆಯಲ್ಲಿ ಅವನು ಮುಖವಾಡವನ್ನು ಕೈಯಲ್ಲಿ ಹಿಡಿದು ಪುಟ್ಟ ಫ್ರಾಂಕ್ಲಿನ್ ಎದುರು ಕೂತಿದ್ದ. ಸತ್ತ ತಾಯಿಯನ್ನು ಬದುಕಿಸಿದ ಮಗು ಅದು. ತನ್ನ ತಾಯಿಯನ್ನು ಕಳೆದುಕೊಂಡ ಡೂಮ್ ಅಂಥ ಮಗುವಿನ ಬಳಿ ಏನು ಕೇಳಿಯಾನು? ಪಾತ್ರವರ್ಗ ಪ್ರಕಟಿಸಿದಾಗ ಕುರ್ಚಿಗಳ ಮೇಲೆ ಕಂಡ ಹೆಸರುಗಳನ್ನು ಎಣಿಸುವುದಕ್ಕಿಂತ ಈ ಪ್ರಶ್ನೆಗೆ ನಿಮ್ಮ ರಾತ್ರಿಗಳನ್ನು ಕೊಡಿ.

ಡೂಮ್‌ನ ಮುಖ, ಡೌನಿಯೇ ಆಡಿದ್ದ ಐರನ್ ಮ್ಯಾನ್ ಟೋನಿ ಸ್ಟಾರ್ಕ್‌ನದೇ ಆಗಿರುವುದಕ್ಕೆ ಚಿತ್ರದೊಳಗೆ ಕಾರಣ ಕೊಡಬಾರದೆಂದು ನನ್ನ ಆಸೆ. ಇವನು ಟೋನಿಯ ಇನ್ನೊಂದು ಲೋಕದ ರೂಪ ಎಂದುಬಿಟ್ಟರೆ ಡೂಮ್ ಚಿಕ್ಕವನಾಗುತ್ತಾನೆ. ಮುಖವಾಡ ಒಮ್ಮೆ ಕಳಚಬೇಕು, ಥಾರ್‌ನಂಥ ಹಳೆಯ ಗೆಳೆಯ ಅದನ್ನು ಕಂಡು ಒಂದು ಏಟು ಹಾಕಲು ತಡಮಾಡಬೇಕು, ಆ ತಡಕ್ಕೆ ಬೆಲೆ ತೆರಬೇಕು. ಇಷ್ಟಾದರೆ ಡೌನಿಯನ್ನು ಮರಳಿ ಕರೆತಂದದ್ದು ಸಾರ್ಥಕ.

ಸ್ಟೀವ್ ಮರಳುತ್ತಾನೆಂದು 2025ರ ಡಿಸೆಂಬರಿನ ಟೀಸರ್ ಹೇಳಿತು, ಕೈಯಲ್ಲೊಂದು ಹಸುಗೂಸು. ನನಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚಾಯಿತು. 'ಎಂಡ್‌ಗೇಮ್'ನ ಕೊನೆಯಲ್ಲಿ ಅವನು ಪ್ರೇಯಸಿ ಪೆಗ್ಗಿಯೊಂದಿಗೆ ಕುಣಿದ ಆ ನೃತ್ಯ ಒಂದು ಮುಕ್ತಾಯವಾಗಿತ್ತು. ಅದನ್ನು ಮತ್ತೆ ತೆರೆಯುವುದೇ ಆದರೆ ಒಂದೇ ದಾರಿಯಿದೆ: ತನ್ನದಲ್ಲದ ಕಾಲದಲ್ಲಿ ಉಳಿದು ಅವನು ಪಡೆದ ಸುಖಕ್ಕೆ ಬೇರೆ ಯಾರೋ ಬೆಲೆ ತೆತ್ತಿದ್ದಾರೆ ಎಂದು ಅವನಿಗೆ ತಿಳಿಯಬೇಕು. ಜೀವನವಿಡೀ ತಾನು ಪಕ್ಕಕ್ಕೆ ಸರಿದು ಇತರರಿಗೆ ದಾರಿ ಬಿಟ್ಟವನು, ಒಮ್ಮೆ ಮಾತ್ರ ತನಗಾಗಿ ಏನನ್ನೋ ತೆಗೆದುಕೊಂಡವನು, ಆ ಒಂದನ್ನು ಹೇಗೆ ತೀರಿಸುತ್ತಾನೆ? ಅತ್ತ ಲೋಕಿ 2023ರಿಂದ ಒಬ್ಬಂಟಿಯಾಗಿ ಕಾಲದ ಮರದ ಕೊಂಬೆಗಳನ್ನೆಲ್ಲ ಕೈಯಲ್ಲಿ ಹಿಡಿದು ಕೂತಿದ್ದಾನೆ. ಲೋಕಗಳು ಬಡಿದುಕೊಳ್ಳುವುದಾದರೆ ಮೊದಲ ಪೆಟ್ಟು ಆ ಮರಕ್ಕೆ. ಇಬ್ಬರಲ್ಲಿ ಒಬ್ಬರು ಈ ಎರಡು ಚಿತ್ರಗಳ ನಂತರ ಉಳಿಯಲಾರರು ಅನ್ನಿಸುತ್ತದೆ.

ಮುಂದಿನದು ಎಕ್ಸ್-ಮೆನ್. 'ಸೀಕ್ರೆಟ್ ವಾರ್ಸ್' ನಂತರ ಆಗುವುದು ಒಂದು ರೀಸೆಟ್, ಎಕ್ಸ್-ಮೆನ್ ಪಾತ್ರಗಳಿಗೆ ಹೊಸ ಕಲಾವಿದರು ಬರುತ್ತಾರೆ ಎಂದು ಮಾರ್ವೆಲ್ ಸ್ಟುಡಿಯೋಸ್‌ನ ಕೆವಿನ್ ಫೈಗಿ 2025ರಲ್ಲೇ ಹೇಳಿದ್ದಾರೆ. ಚಿತ್ರದ ಹೊಣೆ 'ಥಂಡರ್‌ಬೋಲ್ಟ್ಸ್' ಮಾಡಿದ ಜೇಕ್ ಶ್ರೈಯರ್ ಅವರದು. ಮಿಸ್ ಮಾರ್ವೆಲ್‌ನ ಕಮಲಾ, ವಕಾಂಡಾಕ್ಕೆ ಎದುರಾದ ನಮೋರ್, ಇವರಿಬ್ಬರೂ ಮ್ಯೂಟೆಂಟ್‌ಗಳು, ಅಂದರೆ ಹುಟ್ಟಿನಿಂದಲೇ ಶಕ್ತಿ ಪಡೆದವರು, ಎಂಬ ಸುಳಿವು 2022ರಲ್ಲೇ ಬಿದ್ದಿತ್ತು. ಆದರೆ ನಿಜವಾದ ತೊಡಕು ಬೇರೆಯಿದೆ, ಅದನ್ನು ಯಾರೂ ಅಷ್ಟಾಗಿ ಚರ್ಚಿಸುತ್ತಿಲ್ಲ. ಅವೆಂಜರ್ಸ್‌ಗೆ ಕೈಬೀಸಿ ಹಸ್ತಾಕ್ಷರ ಕೇಳುವ ಜನ, ಅಂಥದೇ ಶಕ್ತಿಯಿರುವ ಮ್ಯೂಟೆಂಟ್‌ಗಳನ್ನು ಕಂಡರೆ ಯಾಕೆ ಹೆದರಬೇಕು, ಯಾಕೆ ದ್ವೇಷಿಸಬೇಕು?

ನನ್ನ ಉತ್ತರ ಇದು. ಸೀರಮ್ ಚುಚ್ಚಿಸಿಕೊಂಡವನನ್ನು, ಕವಚ ತೊಟ್ಟವನನ್ನು, ಆಕಾಶದಿಂದ ಇಳಿದವನನ್ನು ಜನ ಒಪ್ಪಬಲ್ಲರು. ಅವರು ವಿಶೇಷದವರು, ದೂರದವರು. ಪಕ್ಕದ ಮನೆಯಲ್ಲಿ ಹುಟ್ಟಿ, ಅದೇ ಶಾಲೆಗೆ ಹೋಗಿ, ಒಂದು ದಿನ ಬೇರೆಯೇ ಆಗಿಬಿಡುವ ಮಗುವನ್ನು ಒಪ್ಪುವುದು ಕಷ್ಟ. ಎಕ್ಸ್-ಮೆನ್ ಕಥೆಯ ಜೀವ ಇರುವುದು ಇಲ್ಲೇ, ಹುಟ್ಟಿನ ಕಾರಣಕ್ಕೇ ಮನುಷ್ಯರನ್ನು ಅಳೆಯುವ ಲೋಕದಲ್ಲಿ. ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಇದನ್ನು ಶುರು ಮಾಡಿದ್ದು 1963ರಲ್ಲಿ, ಅಮೆರಿಕದ ಕಪ್ಪು ಜನರು ನಾಗರಿಕ ಹಕ್ಕುಗಳಿಗಾಗಿ ಬೀದಿಗಿಳಿದಿದ್ದ ವರ್ಷ. ಮುಂದೆ ಕ್ರಿಸ್ ಕ್ಲೇರ್ಮಾಂಟ್ ಕೈಯಲ್ಲಿ ಮ್ಯಾಗ್ನೆಟೋ ನಾಜಿ ಶಿಬಿರದಿಂದ ಬದುಕಿ ಬಂದ ಯಹೂದಿಯಾದ. ಕನ್ನಡ ನಾಡಿನಲ್ಲಿ ಹುಟ್ಟಿದ ನಿಮಗೆ ಹುಟ್ಟಿನಿಂದ ಬೀಳುವ ಗೆರೆ ಎಂಥದೆಂದು ಯಾರೂ ಪಾಠ ಹೇಳಬೇಕಿಲ್ಲ. ಯಾರ ಮನೆಯ ಜಗಲಿಯವರೆಗೆ ಯಾರು ಬರಬಹುದು ಎಂಬುದನ್ನು ಕಂಡೇ ಬೆಳೆದವರು ನೀವು. ಈ ಕಥೆಯನ್ನು ಲಾಸ್ ಏಂಜಲೀಸಿನ ಪ್ರೇಕ್ಷಕರಿಗಿಂತ ಹೆಚ್ಚು ಹತ್ತಿರದಿಂದ ಓದುವ ಶಕ್ತಿ ನಿಮಗಿದೆ. ವುಲ್ವರಿನ್ ವೇಷಕ್ಕೆ ಯಾರು ಸರಿ ಎಂದು ಪಟ್ಟಿ ಮಾಡುವುದಿದ್ದರೆ ಮಾಡಿ. ಅದರ ಜೊತೆಗೆ, ಹೊಸ ಚಿತ್ರ ಈ ನೋವನ್ನು ಮುಟ್ಟುತ್ತದೋ ಬರೀ ಹೊಡೆದಾಟಕ್ಕೆ ನಿಲ್ಲುತ್ತದೋ ಎಂದು ಜೋರಾಗಿ ಕೇಳಿ.

ಟೀವಿ ಸರಣಿಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2023ರಲ್ಲಿ 'ಡೇರ್‌ಡೆವಿಲ್: ಬಾರ್ನ್ ಅಗೇನ್' ಚಿತ್ರೀಕರಣ ಅರ್ಧಕ್ಕೆ ನಿಂತಾಗ ಮುಖ್ಯ ಬರಹಗಾರರನ್ನು ಬದಲಿಸಿ ಕಥೆಯನ್ನು ಮತ್ತೆ ಕಟ್ಟಿದರು. ಆರು ಗಂಟೆಯ ಸಿನಿಮಾದಂತೆ ಸರಣಿ ಮಾಡುವ ಪದ್ಧತಿ ಅಲ್ಲಿಗೆ ಕೊನೆಗೊಂಡಿತು. ಸರಣಿಗಳು ಇನ್ನು ಬೀದಿಯಲ್ಲೇ ಉಳಿಯುತ್ತವೆ: ಒಬ್ಬ ವಕೀಲ, ಒಬ್ಬ ಮೇಯರ್, ಒಂದು ನಗರ, ಮೇಲಿಂದ ಮೇಲೆ ಸೀಸನ್. ಬೇರೇನೂ ನೋಡದವರಿಗೂ ಅರ್ಥವಾಗಬೇಕು. ಅದು ಒಳ್ಳೆಯದೇ.

ಇನ್ನು ನಿಮ್ಮಲ್ಲಿ ಕೆಲವು ವಿನಂತಿಗಳು.

ಮುಗಿದದ್ದನ್ನು ಮುಗಿಯಲು ಬಿಡಿ. ಚಾಡ್ವಿಕ್ ಬೋಸ್‌ಮನ್ 2020ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ನಿರ್ದೇಶಕ ರಯಾನ್ ಕೂಗ್ಲರ್, ಬೋಸ್‌ಮನ್ ಆಡಿದ್ದ ಟಿ'ಚಾಲಾ ಪಾತ್ರಕ್ಕೆ ಬೇರೆಯವರನ್ನು ತರಲಿಲ್ಲ. 'ವಕಾಂಡಾ ಫಾರೆವರ್' ಟಿ'ಚಾಲಾನ ಸಾವು, ಶವಯಾತ್ರೆಯಿಂದ ಶುರುವಾಗುತ್ತದೆ. ತಂಗಿಯ ಕೋಪ, ತಾಯಿಯ ಸಂಕಟ ಇಡೀ ಚಿತ್ರವನ್ನು ಹೊತ್ತು ನಡೆಯುತ್ತವೆ. ಸಾವಿಗೆ ತೂಕವಿದ್ದುದರಿಂದಲೇ ಆ ಚಿತ್ರಕ್ಕೂ ತೂಕ ಬಂತು. ಸತ್ತ ಪ್ರತಿಯೊಬ್ಬರೂ ಮತ್ತೊಂದು ಲೋಕದಿಂದ ಬಂದೇ ಬರಬೇಕೆಂದು ನೀವು ಹಟ ಹಿಡಿದರೆ, ತಯಾರಕರು ಸಂತೋಷದಿಂದ ಕಳಿಸಿಕೊಡುತ್ತಾರೆ. ಆಮೇಲೆ ಯಾರ ಸಾವಿಗೂ ನಿಮ್ಮ ಕಣ್ಣು ಒದ್ದೆಯಾಗುವುದಿಲ್ಲ.

ಗ್ರಾಫಿಕ್ಸ್ ಸರಿಯಿಲ್ಲವೆಂದು ಒಂದು ಫ್ರೇಮ್ ಹಿಡಿದು ಆಡಿಕೊಳ್ಳುವ ಮುನ್ನ ಅದನ್ನು ಮಾಡಿದವರನ್ನು ನೆನೆಯಿರಿ. ಗಡುವಿನ ಒತ್ತಡ, ಕೊನೆ ಗಳಿಗೆಯ ಬದಲಾವಣೆ, ವಿಶ್ರಾಂತಿಯಿಲ್ಲದ ದುಡಿತದ ಬಗ್ಗೆ ವಿಎಫ್ಎಕ್ಸ್ ಕೆಲಸಗಾರರು 2022ರಲ್ಲೇ ಬಾಯಿಬಿಟ್ಟಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್ ಸ್ಟುಡಿಯೋಸ್‌ನ ವಿಎಫ್ಎಕ್ಸ್ ಸಿಬ್ಬಂದಿ ಒಮ್ಮತದಿಂದ ಸಂಘ ಕಟ್ಟಲು ಮತ ಹಾಕಿದರು. ಈ ಕೆಲಸ ನಮ್ಮ ಊರಿನವರದೂ ಹೌದು. ಹಾಲಿವುಡ್ ಚಿತ್ರಗಳಿಗೆ ದುಡಿಯುತ್ತಿದ್ದ ಟೆಕ್ನಿಕಲರ್ ಸಮೂಹ 2025ರ ಫೆಬ್ರವರಿಯಲ್ಲಿ ಕುಸಿದಾಗ ಬೆಂಗಳೂರಿನಲ್ಲಿ ಎಷ್ಟೋ ಯುವಕ ಯುವತಿಯರ ಉದ್ಯೋಗ ಹೋಯಿತು. ಕೊನೆಯ ದೃಶ್ಯಕ್ಕಾಗಿ ನೀವು ಹೇಗೂ ಕೂತಿರುತ್ತೀರಿ. ಆ ಹೊತ್ತಿನಲ್ಲಿ ಓಡುವ ಹೆಸರುಗಳನ್ನು ಓದಿ.

ನಿಮ್ಮ ಊಹೆಗಳನ್ನು ಕನ್ನಡದಲ್ಲಿ ಬರೆಯಿರಿ. ಕಾಲೇಜು ಪತ್ರಿಕೆಗೆ ಕಳಿಸಿ, ಗೆಳೆಯರ ಮುಂದೆ ಓದಿ. 2022ರಲ್ಲಿ 'ಥಾರ್: ಲವ್ ಆ್ಯಂಡ್ ಥಂಡರ್' ಕನ್ನಡದಲ್ಲೂ ಮಾತಾಡಿತು, ಈ ಲೋಕದ ಬಗ್ಗೆ ಒಳ್ಳೆಯ ವಿಮರ್ಶೆ ಕನ್ನಡದಲ್ಲಿ ಹುಟ್ಟಬೇಕಾದರೆ ಅದು ನಿಮ್ಮಿಂದಲೇ ಆಗಬೇಕು. ಬರೆಯುವಾಗ ಊಹೆಯ ಜೊತೆ ಕಾರಣವನ್ನೂ ಬರೆಯಿರಿ. ಯಾವ ದೃಶ್ಯದಿಂದ, ಯಾವ ಮಾತಿನಿಂದ, ಯಾವ ಪಾತ್ರದ ಯಾವ ಗಾಯದಿಂದ ನಿಮಗೆ ಹಾಗನ್ನಿಸಿತು ಎಂದು ತೋರಿಸಿ. ಊಹೆ ಸುಳ್ಳಾದರೆ ಚಿತ್ರವನ್ನು ಬೈಯಬೇಡಿ. ನಿಮ್ಮದಕ್ಕಿಂತ ಚಿತ್ರದ ದಾರಿ ಚೆನ್ನಾಗಿತ್ತೇ ಎಂದು ಮಾತ್ರ ನೋಡಿ. ಚೆನ್ನಾಗಿರದಿದ್ದರೆ ಅದನ್ನೂ ನಿರ್ಭಿಡೆಯಿಂದ ಬರೆಯಿರಿ.

ಕದ್ದ ಕಥೆ, ಕದ್ದ ವಿಡಿಯೋ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಡಿಸೆಂಬರ್ 18ರಂದು ಮೊದಲ ಆಟ ನೋಡಿ ಹೊರಬಂದಾಗ, ಎರಡನೆಯ ಆಟಕ್ಕೆ ಸಾಲಿನಲ್ಲಿ ನಿಂತವರ ಎದುರು ಯಾರು ಸತ್ತರೆಂದು ಹೇಳಬೇಡಿ. ಇದೊಂದನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ,
ನಿಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಸಿನಿಮಾ ಬರಹಗಾರ